ಕೌಂಟರಿನಲ್ಲಿ ಜಮಾ ಆದ ಮಾವ

ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುವುದು ಅವನ ಕೆಲಸ. ಆ ವಿಭಾಗಕ್ಕೆ ಬಂದು ಬೀಳುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ನಿಲ್ದಾಣದವರೆಲ್ಲ ಅವನನ್ನು ಕೊಡೆ ಗುಮಾಸ್ತ ಎಂದು ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಸ್ಟೇಷನ್ ಮಾಸ್ಟರಿಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರನ್ನು ನೋಡಿದರೆ ಇದು ಬಿರುದೇ ಸರಿ.

ಇಂಥ ಸಾಧು ಮನುಷ್ಯ ಒಂದು ಶುಕ್ರವಾರ ಬಾಯಿ ತಪ್ಪಿ ಒಂದು ಮಾತಾಡಿದ. ಅಂದು ಸಿಬ್ಬಂದಿಗೆಲ್ಲ ಒಂದು ತರಬೇತಿ ಇತ್ತು. ಬಿಳಿ ಬಟ್ಟೆ ತೊಟ್ಟ ತರುಣನೊಬ್ಬ ಬಂದು, ಮನೆಯಲ್ಲಿ ಬೇಡದ್ದು ತುಂಬಿದರೆ ತಲೆಯಲ್ಲೂ ಬೇಡದ್ದು ತುಂಬುತ್ತದೆ, ಹಳೆಯದನ್ನೆಲ್ಲ ಹೊರಗೆ ಹಾಕಿದರೆ ಹೊಸ ಬದುಕು ತಾನಾಗಿ ಒಳಗೆ ಬರುತ್ತದೆ ಎಂದು ವಿವರಿಸಿದ. ಆಮೇಲೆ, ನಿಮ್ಮಲ್ಲಿ ಯಾರಾದರೂ ಈ ಕೆಲಸ ಮಾಡಿದ್ದೀರಾ ಎಂದು ಕೇಳಿದ. ಎಲ್ಲರೂ ನೆಲ ನೋಡಿದರು. ಗುಮಾಸ್ತನ ಕೈ ಮಾತ್ರ ಮೇಲೆದ್ದಿತು. ನೊಣ ಓಡಿಸಲು ಎತ್ತಿದ್ದು ಎಂದು ಆಮೇಲೆ ಹೆಂಡತಿಯ ಹತ್ತಿರ ಸಮಜಾಯಿಷಿ ಹೇಳಿದ. ಆದರೆ ಕೈಯ ಜೊತೆ ಬಾಯಿಯೂ ತೆರೆದದ್ದು ಯಾವ ನೊಣಕ್ಕಾಗಿ ಎಂಬುದು ತಿಳಿಯಲಿಲ್ಲ.

"ನಮ್ಮ ಮನೇಲಿ ಇದೆಲ್ಲ ಯಾವತ್ತೋ ಆಗಿದೆ ಸಾರ್. ಬೇಡದ್ದು ಅಂತ ಒಂದು ಗುಂಡುಸೂಜಿನೂ ಇಲ್ಲ."

ಅವನ ಮೇಲಧಿಕಾರಿ ಒಬ್ಬ ಹೆಂಗಸು. ಎಲ್ಲರಿಗೂ ಮೇಡಂ. ನಿಯಮದ ಪುಸ್ತಕ ಬಿಟ್ಟು ಬೇರೆ ಪುಸ್ತಕ ಓದಿದವರಲ್ಲ, ಯಾರನ್ನೂ ಹೊಗಳಿದವರೂ ಅಲ್ಲ. ಅಂಥವರು ತಿರುಗಿ ನೋಡಿ, "ನೋಡಿ ಕಲೀರಿ. ಸೋಮವಾರ ಬರುವಾಗ ಮನೆ ಫೋಟೋ ತನ್ನಿ, ಬೋರ್ಡಿಗೆ ಹಾಕೋಣ" ಎಂದುಬಿಟ್ಟರು.

ಮನೆಯ ನಿಜಸ್ಥಿತಿ ಬೇರೆಯೇ ಇತ್ತು. ಮುಚ್ಚಳವಿಲ್ಲದ ಕುಕ್ಕರ್ ಒಂದು ಕಡೆ, ಕುಕ್ಕರ್ ಇಲ್ಲದ ಮುಚ್ಚಳ ಇನ್ನೊಂದು ಕಡೆ ಇದ್ದವು. ಎರಡಕ್ಕೂ ಹೊಂದಾಣಿಕೆ ಇರಲಿಲ್ಲ. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗಲು ಮನಸ್ಸು ಮಾಡುವ ಫ್ಯಾನು, ಸುಟ್ಟುಹೋದ ಬಲ್ಬುಗಳನ್ನು ಜೋಪಾನವಾಗಿ ಇಟ್ಟ ಡಬ್ಬ, ಖಾಲಿ ಡಬ್ಬಗಳನ್ನು ಇಟ್ಟ ದೊಡ್ಡ ಡಬ್ಬ. ಇವೆಲ್ಲದರ ನಟ್ಟನಡುವೆ ಒಂದು ಈಜಿಚೇರು, ಅದರಲ್ಲಿ ಮಾವ.

ಮಾವ ಅಂದರೆ ಹೆಂಡತಿಯ ತಂದೆ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಹತ್ತು ಹನ್ನೆರಡು ವರ್ಷಗಳೇ ಆಗಿದ್ದವು. ಜೇಬಿನಲ್ಲಿ ಸೀಟಿ ಈಗಲೂ ಇರುತ್ತಿತ್ತು. ಮಾವ ಅಳಿಯನ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ದಿನಾ ಸಂಜೆ "ಬಂದ್ರಾ?" ಎಂದು ಅವರು ಕೇಳುತ್ತಿದ್ದರು, "ಬಂದೆ" ಎಂದು ಇವನು ಹೇಳುತ್ತಿದ್ದ. ಅಲ್ಲಿಗೆ ಅಂದಿನ ಸಂಭಾಷಣೆ ಮುಗಿಯುತ್ತಿತ್ತು.

ಫೋಟೋ ಸಂಗತಿ ಕೇಳಿ ಹೆಂಡತಿ ಒಂದೇ ಮಾತು ಹೇಳಿದಳು. "ಏನು ಬೇಕಾದ್ರೂ ಎಸೀರಿ. ಅಪ್ಪನ ತಂಟೆಗೆ ಮಾತ್ರ ಹೋಗ್ಬೇಡಿ. ಮಗಳ ಮನೇಲಿ ಬಿದ್ದಿದ್ದೀನಿ ಅಂತ ಮೊದಲೇ ಮನಸ್ಸಲ್ಲಿ ಕೊರಗಿದೆ ಅವರಿಗೆ. ಯಾವತ್ತು ಎದ್ದು ಹೊರಡ್ತಾರೋ ಅಂತ ನನಗೇ ಭಯ."

"ಅವರ ತಂಟೆ ನನಗ್ಯಾಕೆ?" ಎಂದ ಗುಮಾಸ್ತ. ಮನಸ್ಸಿನಲ್ಲಿ ಕಪಟವಿರಲಿಲ್ಲ.

ಮನೆ ಖಾಲಿ ಮಾಡಲು ಅವನಿಗೆ ಗೊತ್ತಿದ್ದ ದಾರಿ ಒಂದೇ, ಆಫೀಸಿನ ದಾರಿ. ಅಲ್ಲಿ ಯಾವ ಸಾಮಾನು ಬಂದರೂ ಅದಕ್ಕೊಂದು ಹಳದಿ ಚೀಟಿ ಕಟ್ಟಿ ಲಕ್ಷಣ ಬರೆಯಬೇಕು. ಯಾರಾದರೂ ಬಂದು ಗುರುತು ಹೇಳಿದರೆ ಕೊಡಬೇಕು. ಗಡುವಿನೊಳಗೆ ಯಾರೂ ಬರದಿದ್ದರೆ ವಿಲೇವಾರಿ. ಶನಿವಾರ ಅವನು ಇಲಾಖೆಯ ಸೀಲು ಹೊಡೆದ ಹಳದಿ ಚೀಟಿಗಳ ಕಟ್ಟನ್ನೇ ಮನೆಗೆ ತಂದು, ಕಂಡಕಂಡದ್ದಕ್ಕೆಲ್ಲ ದಾರದಲ್ಲಿ ಕಟ್ಟಿದ. ಬೇಕಾದವರು ಭಾನುವಾರ ಸಂಜೆಯೊಳಗೆ ತನ್ನ ಹತ್ತಿರ ಬಂದು ಗುರುತು ಹೇಳಿ ಬಿಡಿಸಿಕೊಳ್ಳಬೇಕು ಎಂದು ಸಾರಿದ.

ಹೆಂಡತಿ ಸೌಟಿಗಾಗಿ ಬಂದಳು.

"ಗುರುತು ಹೇಳು" ಎಂದ.

"ಸೌಟು ಕಣ್ರೀ."

"ಅದು ನನಗೂ ಕಾಣ್ತಿದೆ. ನಿನ್ನದೇ ಅನ್ನೋಕೆ ಗುರುತು?"

"ಇನ್ನು ಸ್ವಲ್ಪ ಹೊತ್ತು ಹೀಗೇ ಮಾತಾಡ್ತಾ ಇರಿ. ನಿಮ್ಮ ತಲೆ ಮೇಲೇ ಗುರುತು ಮೂಡುತ್ತೆ, ನೋಡ್ಕೊಳ್ಳಿ."

ಅವನು ಸೌಟನ್ನು ಬಿಟ್ಟುಕೊಟ್ಟ. ವಿಶೇಷ ಸಂದರ್ಭಗಳಲ್ಲಿ ಅಧಿಕಾರಿಗೆ ವಿವೇಚನಾಧಿಕಾರ ಇರುತ್ತದೆ.

ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಚೀಟಿ ಕಟ್ಟದೆ ಉಳಿದದ್ದು ಈಜಿಚೇರು ಮಾತ್ರ. ಮಾವನ ತಂಟೆಗೆ ಹೋಗಬೇಡಿ ಎಂದಿದ್ದಳೇ ಹೊರತು ಮಾವನ ಕುರ್ಚಿಯ ತಂಟೆಗೆ ಹೋಗಬೇಡಿ ಎಂದು ಅವಳು ಹೇಳಿರಲಿಲ್ಲ. ಅವರಿಗೊಂದು ಒಳ್ಳೆಯ ಕುರ್ಚಿ ತಂದರಾಯಿತು ಎಂದುಕೊಂಡು ಅವನು ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದ. ಮಾವ ಉಣ್ಣೆಯ ಸ್ವೆಟರ್ ತೊಟ್ಟು ಅದೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಎಬ್ಬಿಸಬಾರದೆಂದು ಅವನು ಹಿಂದಿನಿಂದ ಕುಕ್ಕರಗಾಲಲ್ಲಿ ತೆವಳಿಕೊಂಡು ಹೋದ. ಅವನ ಕನ್ನಡಕ ಆಗಲೇ ಯಾವುದೋ ಡಬ್ಬದ ಪಾಲಾಗಿತ್ತು. ಕೈಯಾಡಿಸಿದಾಗ ಕುರ್ಚಿಯ ತೋಳಿನ ಹತ್ತಿರ ಬಟ್ಟೆಯ ತೂತೊಂದು ಸಿಕ್ಕಿತು. ದಾರ ತೂರಿಸಿ ಎರಡು ಗಂಟು ಹಾಕಿ, ಸದ್ದಿಲ್ಲದೆ ಎದ್ದು ಬಂದ. ತೂತು ಇದ್ದದ್ದು ಸ್ವೆಟರಿನ ಮೊಣಕೈಯಲ್ಲಿ. ಕುರ್ಚಿಗೆ ಬಟ್ಟೆಯೇ ಇರಲಿಲ್ಲ, ಅದು ಬೆತ್ತದ್ದು.

ಸ್ವಲ್ಪ ಹೊತ್ತಿಗೆ ಮಾವ ಎದ್ದು, ಎಂದಿನಂತೆ ಕೆಳಗಿನ ಕ್ಷೌರದಂಗಡಿಗೆ ಹೋದರು. ಮುಂದೆ ನಡೆದದ್ದನ್ನು ಬೀದಿಯೆಲ್ಲ ಆ ಅಂಗಡಿಯವನ ಬಾಯಿಂದಲೇ ಕೇಳಿತು.

"ಹಿರಿಯರೇ, ತೋಳಲ್ಲಿ ಏನೋ ನೇತಾಡ್ತಿದೆ" ಎಂದ ಅವನು.

"ಏನು ಬರೆದಿದೆ ಓದು."

ದಿನವೂ ಗಿರಾಕಿಗಳಿಗೆ ಪೇಪರು ಓದಿ ಹೇಳಿ ಅಭ್ಯಾಸವಾದವನು ಅವನು. ಎಲ್ಲರಿಗೂ ಕೇಳುವಂತೆ ಓದಿದ. "ತುಂಬಾ ಹಳೆಯದು. ಕಾಲು ಗಟ್ಟಿಯಿಲ್ಲ. ಒಂದು ಕಡೆಗೆ ವಾಲಿದೆ. ಸುಮ್ಮನೆ ನಡುಮನೆಯಲ್ಲಿ ಜಾಗ ಹಿಡಿದಿದೆ. ರಿಪೇರಿಗೆ ಲಾಯಕ್ಕಿಲ್ಲ. ಇಂದು ಸಂಜೆಯೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ವಿಲೇವಾರಿ."

ಅರ್ಧ ಮೀಸೆ ಕತ್ತರಿಸಿಕೊಂಡಿದ್ದ ಗಿರಾಕಿಯೊಬ್ಬ ಮಾವನ ಕಾಲನ್ನೇ ನೋಡಿದ. ಅವರ ಎಡ ಮಂಡಿ ನೋವಿನಿಂದ ನಿಂತಲ್ಲೇ ಸ್ವಲ್ಪ ವಾಲುತ್ತಿದ್ದದ್ದು ಸುಳ್ಳಲ್ಲ.

"ಹಿಂದಿನ ಪುಟದಲ್ಲಿ ಏನೂ ಬರೆದಿಲ್ಲ" ಎಂದ ಅಂಗಡಿಯವನು, ಸಮಾಧಾನ ಹೇಳುವವನಂತೆ.

"ಅಕ್ಷರ ದುಂಡಗಿದೆಯಾ?"

"ಮುತ್ತು ಪೋಣಿಸಿದ ಹಾಗಿದೆ."

"ಅಳಿಯಂದ್ರದೇ. ಸೀಲು?"

"ಸ್ಪಷ್ಟವಾಗಿದೆ."

ಮಾವ ಕನ್ನಡಿಯಲ್ಲಿ ತಮ್ಮನ್ನೇ ಒಂದು ಸಲ ನೋಡಿಕೊಂಡರು. "ಸೀಲಿದ್ದ ಮೇಲೆ ಮಾತೇನು. ನೀಟಾಗಿ ಶೇವ್ ಮಾಡು. ಹೋಗೋದಾದ್ರೆ ಶಿಸ್ತಾಗಿ ಹೋಗ್ಬೇಕು."

ಶೇವ್ ಮುಗಿದ ಮೇಲೆ ಅವರು ಮನೆಯ ಮೆಟ್ಟಿಲು ಹತ್ತಲಿಲ್ಲ. ನೆಟ್ಟಗೆ ನಡೆದು ಬಸ್ಸು ಹತ್ತಿದರು.

ಸುದ್ದಿಗೆ ಕಾಲು ಬಂದರೆ ಮೆಟ್ಟಿಲು ಲೆಕ್ಕಕ್ಕಿಲ್ಲ. ಗುಮಾಸ್ತ ಖಾಲಿ ಈಜಿಚೇರಿನ ಸುತ್ತ ಚೀಟಿ ಹುಡುಕುತ್ತಿರುವಾಗಲೇ ಬಾಗಿಲಲ್ಲಿ ಜನ ಸೇರಿದರು. ಎಲ್ಲರಿಗಿಂತ ಮುಂದೆ ಕಟ್ಟಡದ ಸಂಘದ ಕಾರ್ಯದರ್ಶಿ ನಿಂತಿದ್ದರು.

"ನಿಮ್ಮ ಮನೆ ವಿಷಯ ನಿಮಗೆ ಬಿಟ್ಟದ್ದು" ಎಂದರು ಅವರು. "ಆದ್ರೆ ಹಿರಿಯರನ್ನ ವಿಲೇವಾರಿ ಮಾಡೋದಿದ್ರೆ ಸಂಘಕ್ಕೆ ಮುಂಚೆ ತಿಳಿಸ್ಬೇಕಿತ್ತು. ಹಳೇ ಸಾಮಾನನ್ನ ಹೇಳದೆ ಕೇಳದೆ ಮೆಟ್ಟಿಲಲ್ಲಿ ಇಳಿಸೋ ಹಾಗಿಲ್ಲ ಅಂತ ನಿರ್ಣಯವೇ ಆಗಿದೆ."

"ಅದು ಮಾವನಿಗಲ್ಲ, ಕುರ್ಚಿಗೆ ಬರೆದದ್ದು" ಎಂದ ಗುಮಾಸ್ತ.

"ಕುರ್ಚಿ ಎಲ್ಲಿದೆ?"

"ಇಲ್ಲೇ ಇದೆ."

"ಚೀಟಿ?"

"ಮಾವನ ಮೇಲಿದೆ."

"ಅಂದ್ರೆ ಕುರ್ಚಿ ಇಟ್ಕೊಂಡು ಮಾವನ್ನ ಕಳಿಸಿದ್ರಿ" ಎಂದು ಕಾರ್ಯದರ್ಶಿ ತೀರ್ಮಾನಿಸಿದರು. ಸುತ್ತಲಿನವರು ತಲೆದೂಗಿದರು.

ಮೂರನೇ ಮಹಡಿಯಿಂದ ಎಂದೂ ಇಳಿಯದ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದರು. "ಈ ಚೀಟಿ ನಮ್ಮ ಹುಡುಗನಿಗೂ ಏನಾದ್ರೂ ಕೊಟ್ಟಿದ್ದೀಯಾ ಮಗಾ? ನಿನ್ನೆಯಿಂದ ಅವನು ನನ್ನನ್ನ ಒಂಥರಾ ನೋಡ್ತಿದ್ದಾನೆ" ಎಂದು ಕೇಳಿದರು. ಇಲ್ಲ ಎಂದು ಅವನು ಆಣೆ ಮಾಡಬೇಕಾಯಿತು. ಅಜ್ಜಿ ಅತ್ತ ಸರಿದದ್ದೇ ಅವರ ಸೊಸೆ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಅಣ್ಣಾ, ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ. ಆ ಚೀಟಿ ಎಲ್ಲಿ ಸಿಗುತ್ತೆ?" ಕೆಳಗೆ ಕಲ್ಲುಬೆಂಚಿನ ಮೇಲೆ ದಿನವೂ ಕೂರುವ ಮುದುಕರು ಅಂದು ಒಬ್ಬರ ಬೆನ್ನನ್ನು ಇನ್ನೊಬ್ಬರು ತಡವಿ ನೋಡಿಕೊಳ್ಳುತ್ತಿದ್ದರು.

ಹೆಂಡತಿ ಅಡುಗೆಮನೆಯಿಂದ ಬಂದಳು. ಕೂಗಾಡಲಿಲ್ಲ. ಅವಳು ಕೂಗಾಡದೇ ಇದ್ದದ್ದನ್ನು ಕಂಡು ಗುಮಾಸ್ತನಿಗೆ ನಿಜವಾಗಿ ಹೆದರಿಕೆಯಾಯಿತು.

"ಅಪ್ಪ ಎಲ್ಲಿ?"

ಕ್ಷೌರದಂಗಡಿಯವನೇ ಉತ್ತರ ಕೊಟ್ಟ. "ಎಲ್ಲಿಗೆ ಅಂತ ಕೇಳ್ದೆ ಅಕ್ಕಾ. ಸೀಲು ಯಾವ ಆಫೀಸಿಂದೋ ಅಲ್ಲಿಗೇ ಅಂದ್ರು. ಸ್ಟೇಷನ್ ಬಸ್ ಹತ್ತಿದ್ರು."

ಹೆಂಡತಿ ಗಂಡನ ಕಡೆ ತಿರುಗಿದಳು. "ಹೋಗಿ ಕರ್ಕೊಂಡು ಬನ್ನಿ. ಅವರು ಬರಲ್ಲ ಅಂದ್ರೆ ನೀವೂ ಬರ್ಬೇಡಿ. ಅಲ್ಲೇ ಕೊಡೆಗಳ ಜೊತೆ ಇರಿ." ಮಾತು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅವನು ಕನ್ನಡಕವನ್ನೂ ಹುಡುಕದೆ ಓಡಿದ.

ನಿಲ್ದಾಣದಲ್ಲಿ ಏನೋ ಬದಲಾಗಿತ್ತು. ಟಿಕೆಟ್ ಕಿಟಕಿಯ ಮುಂದೆ ಯಾವಾಗಲೂ ಜೇನುಗೂಡಿನಂತೆ ಮುತ್ತುವ ಜನ ಅಂದು ಸಾಲಾಗಿ ನಿಂತಿದ್ದರು. ಅದೂ ಎತ್ತರದ ಪ್ರಕಾರ. ಮುಂದೊಬ್ಬ ದಪ್ಪ ವ್ಯಾಪಾರಿ ಸಾಲು ಬಿಟ್ಟು ನುಸುಳಲು ನೋಡಿದ. ಎಲ್ಲಿಂದಲೋ ಸೀಟಿ ಕೇಳಿಸಿತು. ವ್ಯಾಪಾರಿ ಶಾಲೆಯ ಮಗುವಿನಂತೆ ಹಿಂದಕ್ಕೆ ಹೋಗಿ ನಿಂತ.

ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಅಂದು ಮೇಡಂ ಅವರದೇ ಪಾಳಿ. ಅವರ ಹಿಂದೆ, ಕೊಡೆಗಳ ರಾಶಿಗೂ ಒಂದು ಅನಾಥ ಸೂಟ್‌ಕೇಸಿಗೂ ನಡುವೆ ಹಾಕಿದ ಬೆಂಚಿನ ಮೇಲೆ ಮಾವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತೋಳಲ್ಲಿ ಚೀಟಿ ಹಾಗೇ ಇತ್ತು. ಅಳಿಯನನ್ನು ನೋಡಿದರು. "ಬಂದ್ರಾ?" ಎಂದು ಕೇಳಲಿಲ್ಲ. ಅದು ಗುಮಾಸ್ತನ ಎದೆಗೆ ಚುಚ್ಚಿತು.

"ಮಾವ, ಏಳಿ, ಮನೆಗೆ ಹೋಗೋಣ" ಎಂದ.

"ಕೌಂಟರಿಂದ ಆಚೆ ನಿಂತು ಮಾತಾಡಿ" ಎಂದರು ಮೇಡಂ. "ಜಮಾ ಆಗಿರೋದನ್ನ ಹಾಗೆಲ್ಲ ಕೊಡೋಕೆ ಬರಲ್ಲ. ನಿಮಗೆ ಹೇಳಿಕೊಡ್ಬೇಕಾ?"

"ಮೇಡಂ, ಅವರು ಮನುಷ್ಯರು."

"ಇಲಾಖೆ ಸೀಲಿರೋ ಚೀಟಿ ಇದ್ರೆ ತಗೊಳ್ಳಲೇಬೇಕು ಅಂತಿದೆ ನಿಯಮ. ಜೀವ ಇರಬಾರದು ಅಂತ ಎಲ್ಲೂ ಬರೆದಿಲ್ಲ. ಹೋದ ವರ್ಷ ಗಿಳಿ ತಗೊಂಡಿದ್ದು ಯಾರು? ನೀವೇ. ಗುರುತು ಹೇಳಿ, ಸಹಿ ಹಾಕಿ, ಕರ್ಕೊಂಡು ಹೋಗಿ."

"ಅದು ಕುರ್ಚಿಗೆ ಬರೆದ ಚೀಟಿ ಮೇಡಂ. ಕನ್ನಡಕ ಇರ್ಲಿಲ್ಲ, ತಪ್ಪಿ ಸ್ವೆಟರಿಗೆ ಕಟ್ಟಿಬಿಟ್ಟೆ" ಎಂದು ಅವನು ಮಾವನಿಗೂ ಕೇಳುವ ಹಾಗೆ ಹೇಳಿದ.

"ಕುರ್ಚಿಗೆ ಬರೆದದ್ದು ನನಗೂ ಸರಿಯಾಗೇ ಒಪ್ಪುತ್ತಲ್ಲ" ಎಂದರು ಮಾವ ಬೆಂಚಿನಿಂದ. "ಒಂದು ಅಕ್ಷರ ತಿದ್ದೋ ಹಾಗಿಲ್ಲ."

ಅಷ್ಟರಲ್ಲಿ ಸ್ಟೇಷನ್ ಮಾಸ್ಟರ್ ಹಲ್ಲು ಕಿಸಿಯುತ್ತ ಬಂದರು.

"ಮೇಡಂ, ಈ ಹಿರಿಯರನ್ನ ಯಾರೂ ಕೇಳ್ಕೊಂಡು ಬಂದಿಲ್ಲ ತಾನೇ? ನನಗೆ ಬೇಕು. ನಾನಿಲ್ಲಿಗೆ ಬಂದ ಮೇಲೆ ಜನ ಸಾಲಲ್ಲಿ ನಿಂತಿದ್ದನ್ನ ಇವತ್ತೇ ನೋಡಿದ್ದು. ಇರೋಕೆ ಒಂದು ರೂಮು ಕೊಡ್ತೀನಿ, ಕ್ಯಾಂಟೀನಲ್ಲಿ ಊಟ. ಏನು ಹಿರಿಯರೇ?"

ಮಾವನ ಬೆನ್ನು ಇನ್ನಷ್ಟು ನೆಟ್ಟಗಾಯಿತು. "ಮೂರನೇ ಪ್ಲಾಟ್‌ಫಾರಮ್ಮು ಸರಿಯಿಲ್ಲ. ಅಲ್ಲಿ ಬಹಳ ಕೆಲಸ ಇದೆ" ಎಂದರು.

ಗುಮಾಸ್ತನಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಮನೆಯ ನಡುವೆ ಖಾಲಿ ಈಜಿಚೇರು ಕಂಡಿತು, ಅದು ನಿನ್ನೆಗಿಂತ ಎರಡು ಪಟ್ಟು ಜಾಗ ಹಿಡಿದಿತ್ತು.

ಮೇಡಂ ನಿಯಮದ ಪುಸ್ತಕ ತೆಗೆದರು. "ಇಬ್ಬರು ಕೇಳಿದ್ರೆ ಪ್ರಶ್ನೆ ಕೇಳ್ಬೇಕು. ಸರಿಯಾದ ಗುರುತು ಹೇಳಿದವರಿಗೆ ವಸ್ತು. ಎಡ ಕಿವಿ ಚೆನ್ನಾಗಿ ಕೇಳುತ್ತೋ ಬಲ ಕಿವಿನೋ?"

"ಬಲ" ಎಂದ ಗುಮಾಸ್ತ.

"ಎಡ" ಎಂದರು ಮಾವ.

"ಟೀಗೆ ಸಕ್ಕರೆ?"

"ಹಾಕ್ಕೊಳ್ಳಲ್ಲ."

"ಹಾಕ್ಕೋತೀನಿ. ಇವರು ಆಫೀಸಿಗೆ ಹೋದ ಮೇಲೆ" ಎಂದರು ಮಾವ.

"ಮೈ ಮೇಲೆ ಮಚ್ಚೆ, ಗಾಯದ ಕಲೆ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸೂರಿನಡಿ ಇದ್ದ ಮನುಷ್ಯನ ಮುಖವನ್ನು ತಾನು ಒಂದು ದಿನವೂ ನೆಟ್ಟಗೆ ನೋಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು, ನಾಚಿಕೆಯಾಯಿತು. ಸ್ಟೇಷನ್ ಮಾಸ್ಟರ್ ಪಕ್ಕದಿಂದ, "ಗಲ್ಲದ ಕೆಳಗೆ ಸಣ್ಣ ಕಲೆ. ಹೈಜಂಪಲ್ಲಿ ಬಿದ್ದದ್ದಂತೆ, ಆಗಲೇ ಹೇಳಿದ್ರು" ಎಂದು ಅಂಕ ಗಿಟ್ಟಿಸಿದರು.

"ಮೇಡಂ" ಎಂದು ಗುಮಾಸ್ತ ಕೊನೆಯ ವಾದ ಹೂಡಿದ. "ಶುಕ್ರವಾರ ನಾನು ಎಲ್ಲರೆದುರಿಗೆ ಹೇಳಿದ್ದೆ. ನಮ್ಮ ಮನೇಲಿ ಬೇಡದ್ದು ಅಂತ ಏನೂ ಇಲ್ಲ ಅಂತ. ಅಂದ ಮೇಲೆ ಇವರು ಬೇಕಾದವರೇ ಆದ್ರಲ್ಲ."

"ವಾದ ಚೆನ್ನಾಗಿದೆ. ಗುರುತು ಹೇಳಿ."

ಹಿಂದೆ ಸಾಲಿನಲ್ಲಿದ್ದವರೂ ಕತ್ತು ಉದ್ದ ಮಾಡಿ ಕೇಳುತ್ತಿದ್ದರು.

"ಇವರ ಗುರುತು ನನಗೆ ಗೊತ್ತಿಲ್ಲ ಮೇಡಂ" ಎಂದ. "ಒಂದು ಮಾತ್ರ ಗೊತ್ತು. ಇವರು ಬಂದ ಮೇಲೆ ನಮ್ಮ ಮನೆ ಬಾಗಿಲನ್ನ ನಾನು ಒಂದು ದಿನಾನೂ ತಟ್ಟಿಲ್ಲ. ಮೆಟ್ಟಿಲು ಹತ್ತಿ ಮುಗಿಯೋ ಹೊತ್ತಿಗೆ ಚಿಲಕ ತೆಗೆದಿರುತ್ತೆ. ರೈಲು ತಡವಾಗಲಿ, ನಾನು ತಡವಾಗಲಿ, ತೆಗೆದಿರುತ್ತೆ. ಇದುವರೆಗೂ ಅದರ ಬಗ್ಗೆ ಯೋಚನೆನೇ ಮಾಡಿರ್ಲಿಲ್ಲ. ಬಾಗಿಲು ತಾನಾಗೇ ತೆಗೆಯುತ್ತೆ ಅನ್ಕೊಂಡಿದ್ದೆನೋ ಏನೋ. ಇವತ್ತು ಬಸ್ಸಲ್ಲಿ ಬರುವಾಗ ಜೇಬು ಮುಟ್ಟಿ ನೋಡ್ಕೊಂಡೆ. ನನ್ನ ಹತ್ತಿರ ಮನೆ ಬೀಗದ ಕೈಯೇ ಇಲ್ಲ."

ಮೇಡಂ ಎತ್ತಿದ ಪೆನ್ನನ್ನು ಕೆಳಗಿಟ್ಟರು. "ಇದು ನಿಮ್ಮ ಗುರುತು. ಅವರದಲ್ಲ" ಎಂದರು, ಆದರೆ ಎಂದಿನ ಬಿಗಿ ದನಿಯಲ್ಲಿರಲಿಲ್ಲ.

ಮಾವ ಎದ್ದು ನಿಂತರು. ಎಡ ಮಂಡಿ ಹಿಡಿಯಿತು, ಕೊಡೆಗಳ ರಾಶಿಗೆ ಕೈ ಊರಿಕೊಂಡರು. "ಬರ್ಕೊಳ್ಳಿ ಮೇಡಂ, ಪರವಾಗಿಲ್ಲ" ಎಂದರು. "ಇವರು ಬಲಗಾಲು ಜೋರಾಗಿ ಇಡ್ತಾರೆ, ಎಡಗಾಲು ಎಳೀತಾರೆ. ಮೊದಲನೇ ಮೆಟ್ಟಿಲಲ್ಲೇ ಗೊತ್ತಾಗುತ್ತೆ. ಎಷ್ಟು ವರ್ಷದಿಂದ ತಿದ್ದಬೇಕು ಅನ್ಕೊಂಡಿದ್ದೀನಿ, ಅಳಿಯಂದ್ರಿಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಮೇಡಂ ಬರೆದುಕೊಂಡರು. ಸಹಿ ಆಯಿತು. ಕತ್ತರಿ ತೆಗೆದು ಅವರೇ ದಾರ ಕತ್ತರಿಸಿದರು, ಸ್ವೆಟರಿನ ತೂತು ಇನ್ನೊಂದಿಷ್ಟು ದೊಡ್ಡದಾಯಿತು. ಸ್ಟೇಷನ್ ಮಾಸ್ಟರ್ ಬಹಳ ಬೇಡಿಕೊಂಡ ಮೇಲೆ ವಾರಕ್ಕೊಮ್ಮೆ ಬಂದು ಮೂರನೇ ಪ್ಲಾಟ್‌ಫಾರಮ್ಮನ್ನು ಸರಿಪಡಿಸಿಕೊಡುವುದಾಗಿ ಮಾವ ಒಪ್ಪಿದರು. ಅವರು ಬೆನ್ನು ತಿರುಗಿಸಿದ್ದೇ ತಡ ಟಿಕೆಟ್ ಸಾಲು ಮತ್ತೆ ಜೇನುಗೂಡಾಯಿತು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಬಂದರು. ಕಲ್ಲುಬೆಂಚಿನ ಮುದುಕರು ಮಾವನನ್ನು ಕಂಡು ಎದ್ದು ನಿಂತರು. ಕಾರ್ಯದರ್ಶಿಗಳು ಏನೋ ಕೇಳಲು ಬಾಯಿ ತೆರೆದು, ಸೀಟಿಯ ಕಡೆ ಹೋದ ಮಾವನ ಕೈ ನೋಡಿ ಮುಚ್ಚಿಕೊಂಡರು. ಮೆಟ್ಟಿಲ ಬುಡದಲ್ಲಿ ಗುಮಾಸ್ತ ಮಾವನ ತೋಳು ಹಿಡಿಯಲು ಹೋದ. ಅವರು ಕೈ ಬಿಡಿಸಿಕೊಂಡರು.

"ನೀವು ಇಲ್ಲೇ ನಿಂತಿರಿ" ಎಂದರು.

ಅವನು ನಿಂತ. ಮಾವ ಒಬ್ಬರೇ, ಒಂದೊಂದು ಮೆಟ್ಟಿಲಿಗೂ ಮಂಡಿಯನ್ನು ಒಪ್ಪಿಸುತ್ತ ಹತ್ತಿದರು. ಮೇಲೆ ಬಾಗಿಲು ತೆರೆದ ಸದ್ದು, "ಅಪ್ಪಾ" ಎಂದು ಹೆಂಡತಿ ಅತ್ತ ಸದ್ದು. ಆಮೇಲೆ ಬಾಗಿಲು ಮುಚ್ಚಿತು. ಚಿಲಕ ಹಾಕಿದ್ದೂ ಕೆಳಗೆ ಸ್ಪಷ್ಟವಾಗಿ ಕೇಳಿಸಿತು.

ಇನ್ನು ಕೊಡೆಗಳ ಜೊತೆಗೇ ಸಂಸಾರ ಎಂದುಕೊಂಡ ಗುಮಾಸ್ತ. ಏನಾದರಾಗಲಿ ಎಂದು ಮೆಟ್ಟಿಲು ಹತ್ತಿದ. ಬಲಗಾಲು ಜೋರಾಗಿ ಬಿತ್ತು, ಎಡಗಾಲು ಎಳೆಯಿತು, ತಿದ್ದಿಕೊಳ್ಳಲು ನೋಡಿದರೂ ಆಗಲಿಲ್ಲ. ಬಾಗಿಲ ಮುಂದೆ ನಿಂತು, ಅಭ್ಯಾಸವಿಲ್ಲದ ಕೈಯನ್ನು ತಟ್ಟಲೆಂದು ಎತ್ತಿದ.

ಒಳಗೆ ಚಿಲಕ ಸರಿಯಿತು.

"ಬಂದ್ರಾ?" ಎಂದರು ಮಾವ.